ಟೀ, ಬಿಸ್ಕತ್ತು, ಫೋಟೊ ಬಿಟ್ಟರೆ ತರಬೇತಿಯಲ್ಲಿ ಏನಿದೆ?

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕು. ಐದು ಎಕರೆ ಖುಷ್ಕಿ, ಮಳೆ ನಂಬಿದ ಹೊಲ. ಅರ್ಧ ಮಸಾರಿ (ಕೆಂಪು ಮಣ್ಣು), ಅರ್ಧ ಎರೆ (ಕಪ್ಪು ಮಣ್ಣು). ಹದಿನೈದು ವರ್ಷದಿಂದ ಮೆಕ್ಕೆಜೋಳವನ್ನೇ ಹಾಕುತ್ತಿದ್ದೇವೆ. ಗೊಬ್ಬರ, ಔಷಧಿ, ಕೂಲಿ ಕಳೆದರೆ ಕೈಯಲ್ಲಿ ಏನೂ ನಿಲ್ಲುತ್ತಿಲ್ಲ. ಪಿಯುಸಿ ಮುಗಿಸಿದ ಮಗ ಈ ಸಲ ಕೃಷಿ ತರಬೇತಿಗೆ ಹೋಗುತ್ತೇನೆ ಅನ್ನುತ್ತಾನೆ. ನಾನು ಎರಡು ಸಲ ಹೋಗಿ ಬಂದವನು. ಟೀ, ಬಿಸ್ಕತ್ತು, ಒಂದು ಬ್ಯಾಗು, ಬ್ಯಾನರ್ ಮುಂದೆ ಒಂದು ಫೋಟೊ, ಅಷ್ಟೆ. ಕಾಳು ಬೆಳೆಯುವವರಿಗೆ ಇದರಿಂದ ನಿಜವಾಗಿ ಲಾಭ ಆದದ್ದುಂಟೆ? ಇಲ್ಲ, ಮಗನ ಎರಡು ದಿನದ ಕೂಲಿ ದಂಡವೆ?

ಉತ್ತರ: ನಿಮ್ಮ ಸಿಟ್ಟು ಅರ್ಧ ಸರಿಯಾಗಿಯೇ ಇದೆ. ಬ್ಯಾನರ್ ಕಟ್ಟಿ ಭಾಷಣ ಮಾಡಿದವರಲ್ಲಿ ನಾನೂ ಒಬ್ಬ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಊರಲ್ಲಿ ಬೀಜೋಪಚಾರದ ತರಬೇತಿ ಇಟ್ಟುಕೊಂಡಿದ್ದೆವು. ಹಣ ಬಿಡುಗಡೆ ಆಗುವ ಹೊತ್ತಿಗೆ ಆರಿದ್ರ ಮಳೆ ಕಳೆದಿತ್ತು, ಊರಿನ ಬಿತ್ತನೆಯೆಲ್ಲ ಮುಗಿದು ಪೈರು ಗೇಣುದ್ದ ಎದ್ದಿತ್ತು. ಆದರೂ ಖರ್ಚು ತೋರಿಸಲೇಬೇಕಲ್ಲ. ಶಾಲೆಯ ಹಾಲ್‌ನಲ್ಲಿ ನಿಂತು, ಬಿತ್ತುವ ಮುಂಚೆ ಬೀಜಕ್ಕೆ ಏನೇನು ಲೇಪಿಸಬೇಕು ಅಂತ ಒಂದು ತಾಸು ಹೇಳಿದೆ. ಹಿಂದಿನ ಸಾಲಿನಿಂದ ಒಬ್ಬ ಅಜ್ಜ ಎದ್ದು, "ಹುಟ್ಟಿದ ಕೂಸಿನ ಮುಂದೆ ಬಸುರಿ ಪಥ್ಯ ಹೇಳ್ತೀರಲ್ಲ ಸ್ವಾಮಿ" ಅಂದ. ಸಭೆ ನಕ್ಕಿತು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಹಾಗಾಗಿ "ತರಬೇತಿಯಿಂದ ಲಾಭವೆ?" ಅಂತ ಒಟ್ಟಾರೆ ಕೇಳಿದರೆ ನನ್ನ ಬಳಿ ಉತ್ತರ ಇಲ್ಲ. ಯಾವ ತರಬೇತಿ, ಯಾವ ತಿಂಗಳು, ಎಲ್ಲಿ ಕೂತು ಅಂತ ಕೇಳಿದರೆ ಇದೆ. ನಾನು ನೋಡಿದ ಮಟ್ಟಿಗೆ, ತರಬೇತಿಯಿಂದ ದುಡ್ಡು ಉಳಿಸಿಕೊಂಡ ಮೆಕ್ಕೆಜೋಳದ ರೈತರು ಮೊದಲ ವರ್ಷ ಇಳುವರಿ ಹೆಚ್ಚಿಸಿಕೊಂಡವರೇನಲ್ಲ. ಅಲ್ಲಿಯತನಕ ಮಾಡುತ್ತಿದ್ದ ಎರಡು ಮೂರು ಕೆಲಸ ಬಿಟ್ಟವರು. ನಿಮ್ಮ ಪತ್ರದಲ್ಲೂ ಎಷ್ಟು ಕ್ವಿಂಟಲ್ ಬಂತು ಅನ್ನೋದು ಇಲ್ಲ, ಎಷ್ಟು ಖರ್ಚಾಯಿತು ಅನ್ನೋದೂ ಇಲ್ಲ. ಕೈಯಲ್ಲಿ ನಿಲ್ಲುತ್ತಿಲ್ಲ ಅನ್ನೋದು ಮಾತ್ರ ಇದೆ. ಅಲ್ಲಿಂದಲೇ ಹಿಡಿಯೋಣ.

ಒಂದು ಲೆಕ್ಕ ಹಾಕಿ ನೋಡಿ. ಅಂಕಿ ನನ್ನವು, ನಿಮ್ಮ ಅಂಕಿ ತುಂಬಿಕೊಳ್ಳಿ. ಬದು ಹಂಚಿಕೊಂಡ ಇಬ್ಬರು ರೈತರು. ಒಬ್ಬ ಎಕರೆಗೆ 30,000 ಸುರಿದು 22 ಕ್ವಿಂಟಲ್ ತೆಗೆದ. ಇನ್ನೊಬ್ಬ 22,000 ಹಾಕಿ 19 ಕ್ವಿಂಟಲ್ ತೆಗೆದ. ಕಣದಲ್ಲಿ ರಾಶಿ ನೋಡಿದವರೆಲ್ಲ ಮೊದಲನೆಯವನನ್ನೇ ಹೊಗಳುತ್ತಾರೆ. ಕ್ವಿಂಟಲ್‌ಗೆ 2,000 ಸಿಕ್ಕರೆ ಅವನಿಗೆ ಉಳಿಯುವುದು 14,000, ಎರಡನೆಯವನಿಗೆ 16,000. ದರ 1,700ಕ್ಕೆ ಇಳಿದರೆ ಮೊದಲನೆಯವನಿಗೆ 7,400, ಎರಡನೆಯವನಿಗೆ 10,300. ಕ್ವಿಂಟಲ್‌ಗೆ ಬಿದ್ದ ಅಸಲು ಒಬ್ಬನಿಗೆ 1,360ರ ಆಸುಪಾಸು, ಇನ್ನೊಬ್ಬನಿಗೆ 1,160. ಮಳೆ ಕೈಕೊಟ್ಟ ವರ್ಷ ಸಾಲಕ್ಕೆ ಬೀಳುವವನು ಯಾರು ಅಂತ ಬೇರೆ ಹೇಳಬೇಕಿಲ್ಲ. ಈ "ಕ್ವಿಂಟಲ್‌ಗೆ ಬಿದ್ದ ಅಸಲು" ಅನ್ನುವ ಒಂದು ಸಾಲನ್ನು ರೈತನ ಪುಸ್ತಕದಲ್ಲಿ ಬರೆಸದ ತರಬೇತಿ ನನ್ನ ಪ್ರಕಾರ ಅರ್ಧ ತರಬೇತಿ. ಮನೆಯವರ ಕೂಲಿಯನ್ನೂ ಬರೆಯಿರಿ. ನಿಮ್ಮ ಮನೆಯಾಕೆ ಕಳೆ ತೆಗೆದ ದಿನಗಳಿಗೆ ಬೆಲೆ ಇಲ್ಲವೇನು?

ಈಗ ಗೊಬ್ಬರಕ್ಕೆ ಬನ್ನಿ. ನಿಮ್ಮ ಕಡೆ ಅಂಗಡಿಗೆ ಹೋಗಿ "ಎಕರೆಗೆ ಎರಡು ಡಿಎಪಿ, ಮೂರು ಯೂರಿಯಾ ಕೊಡಿ" ಅನ್ನುವುದು ವಾಡಿಕೆ. ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಸಾಮಾನ್ಯವಾಗಿ ಹೇಳುವ ಪ್ರಮಾಣ ಎಕರೆಗೆ ಸಾರಜನಕ 40, ರಂಜಕ 20, ಪೊಟ್ಯಾಷ್ 10 ಕೆಜಿ. ಒಂದು ಚೀಲ ಡಿಎಪಿ ಅಂದರೆ 50 ಕೆಜಿ. ಅದರಲ್ಲಿ ರಂಜಕ 23 ಕೆಜಿ, ಸಾರಜನಕ 9 ಕೆಜಿ. ಅಲ್ಲಿಗೆ ರಂಜಕದ ಲೆಕ್ಕ ತೀರಿತು. ಉಳಿದ 31 ಕೆಜಿ ಸಾರಜನಕಕ್ಕೆ 45 ಕೆಜಿಯ ಯೂರಿಯಾ ಒಂದೂವರೆ ಚೀಲ ಸಾಕು. 10 ಕೆಜಿ ಪೊಟ್ಯಾಷ್ ಅಂಶಕ್ಕೆ ಅಂಗಡಿಯ ಪೊಟ್ಯಾಷ್ ಗೊಬ್ಬರ 17 ಕೆಜಿ. ಅಂದರೆ ನೀವು ಹಾಕುತ್ತಿರುವ ಎರಡನೇ ಡಿಎಪಿ ಚೀಲ, ಅದರ 1,350 ರೂಪಾಯಿ, ಜತೆಗೆ ಒಂದೂವರೆ ಯೂರಿಯಾ ಚೀಲದ 400 ರೂಪಾಯಿ ಸುಮ್ಮನೆ ಮಣ್ಣಿಗೆ ಹೋಗುತ್ತಿದೆ. ಪೊಟ್ಯಾಷ್‌ಗೆ ಐದಾರು ನೂರು ಖರ್ಚು ಮಾಡಿದರೂ ಎಕರೆಗೆ ಸಾವಿರದ ಮೇಲೆ ಉಳಿಯಿತು. ಐದು ಎಕರೆಗೆ? ಮಗನ ಎರಡು ದಿನದ ಕೂಲಿಗಿಂತ ಹೆಚ್ಚೇ ಆಯಿತು.

ಹೆಚ್ಚಾದ ಡಿಎಪಿ ಬರೀ ದುಡ್ಡು ತಿಂದು ಸುಮ್ಮನಿರುವುದಿಲ್ಲ. ಮಣ್ಣಲ್ಲಿ ರಂಜಕ ಅತಿಯಾದರೆ ಗಿಡಕ್ಕೆ ಸತು ಸಿಗುವುದು ಕಷ್ಟ. ಆಗ ಏನಾಗುತ್ತದೆ ಅಂತ ನೀವು ಕಣ್ಣಾರೆ ಕಂಡಿರುತ್ತೀರಿ, ಹೆಸರು ಗೊತ್ತಿರಲಿಕ್ಕಿಲ್ಲ. ಹದಿನೈದು ಇಪ್ಪತ್ತು ದಿನದ ಪೈರಿನಲ್ಲಿ ಸುಳಿಯಿಂದ ಬರುವ ಹೊಸ ಎಲೆ ಬೆಳ್ಳಗೆ ಬರುತ್ತದೆ, ನಡುನರದ ಎರಡೂ ಬದಿಗೆ ಬಿಳಿ ಪಟ್ಟಿ ಎಳೆದಂತೆ. "ರೋಗ ಬಿದ್ದಿದೆ" ಅಂತ ಅಂಗಡಿಗೆ ಓಡುತ್ತಾರೆ, ಶಿಲೀಂಧ್ರನಾಶಕ ತರುತ್ತಾರೆ, ಹೊಡೆಯುತ್ತಾರೆ. ಎಲೆ ಹಸಿರಾಗುವುದಿಲ್ಲ. ಇನ್ನೊಂದು ಕಂಪನಿಯದು ತರುತ್ತಾರೆ. ಅದು ರೋಗವೇ ಅಲ್ಲ, ಸತುವಿನ ಕೊರತೆ. ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, ಎರಡೂವರೆ ಗ್ರಾಂ ಸುಣ್ಣ ಹಾಕಿ ಸೋಸಿ ಹೊಡೆದರೆ ಹೊಸ ಎಲೆ ತಿರುಗಿಕೊಳ್ಳುತ್ತದೆ. ಮುಂದಿನ ಸಲ ಬಿತ್ತುವ ಮುಂಚೆ ಎಕರೆಗೆ 4 ಕೆಜಿ ಜಿಂಕ್ ಸಲ್ಫೇಟನ್ನು ತಿಪ್ಪೆಗೊಬ್ಬರದಲ್ಲಿ ಬೆರೆಸಿ ಹಾಕಿ. ಡಿಎಪಿ ಜತೆ ಕಲಸಬೇಡಿ. ಎರಡೂ ಕೂಡಿ ಗಿಡಕ್ಕೆ ದಕ್ಕದ ಹಾಗೆ ಗಟ್ಟಿಯಾಗುತ್ತವೆ. 2009ರಲ್ಲಿ ರಾಜ್ಯ ಸರ್ಕಾರ ಖುಷ್ಕಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯಾದ ಇಕ್ರಿಸ್ಯಾಟ್ ಜತೆ ಸೇರಿ ಭೂಚೇತನ ಯೋಜನೆ ಶುರು ಮಾಡಿದಾಗ ಖುಷ್ಕಿ ಹೊಲಗಳ ಮಣ್ಣಿನಲ್ಲಿ ಎದ್ದು ಕಂಡದ್ದು ಇದೇ: ಸತು, ಬೋರಾನ್, ಗಂಧಕದ ಕೊರತೆ. ಜಿಪ್ಸಂ, ಜಿಂಕ್, ಬೋರಾಕ್ಸ್ ಹಂಚಿದ್ದು ನೆನಪಿದೆಯಲ್ಲ? ಹಂಚಿದ್ದು ನೆನಪಿದೆ, ಯಾಕೆ ಹಂಚಿದರು ಅನ್ನುವುದು ಬಹಳ ಮಂದಿಗೆ ಮರೆತಿದೆ. ಕಾರಣ ತಲುಪದೆ ಸಾಮಾನು ಮಾತ್ರ ತಲುಪಿದರೆ ಸಬ್ಸಿಡಿ ನಿಂತ ವರ್ಷವೇ ಅಭ್ಯಾಸವೂ ನಿಲ್ಲುತ್ತದೆ.

ಇನ್ನು ಹುಳದ ವಿಷಯ. ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು, ಯಾಕೆಂದರೆ ಹೊಲದ ಪಾಠಕ್ಕೂ ಸಭಾಂಗಣದ ಪಾಠಕ್ಕೂ ಇರುವ ಅಂತರ ಇಲ್ಲೇ ಕಾಣುವುದು.

ಫಾಲ್ ಸೈನಿಕ ಹುಳು ನಮ್ಮ ದೇಶದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ನಮ್ಮ ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಆ ವರ್ಷ ಯಾರಿಗೂ ಏನೂ ಗೊತ್ತಿರಲಿಲ್ಲ. ಸಿಕ್ಕಿದ್ದನ್ನೆಲ್ಲ ಹೊಡೆದರು, ನಾಲ್ಕು ಸಲ ಐದು ಸಲ. ಮುಂದೆ ಕೆಲವು ಊರುಗಳಲ್ಲಿ ರೈತ ಕ್ಷೇತ್ರ ಪಾಠಶಾಲೆ ನಡೆದವು. ಈ ಪದ್ಧತಿ ಹುಟ್ಟಿದ್ದು ಇಂಡೊನೇಷ್ಯಾದ ಭತ್ತದ ಗದ್ದೆಯಲ್ಲಿ. ಕೀಟನಾಶಕ ಹೊಡೆದಷ್ಟೂ ಅಲ್ಲಿ ಕಂದು ಜಿಗಿಹುಳು ಹೆಚ್ಚಿತು, ಅದನ್ನು ತಿನ್ನುವ ಜೇಡಗಳೇ ಮೊದಲು ಸತ್ತಿದ್ದವು. 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ 57 ಕೀಟನಾಶಕ ನಿಷೇಧಿಸಿತು. 1989ರಿಂದ ಗದ್ದೆಯ ಬದುವಿನ ಮೇಲೇ ಶಾಲೆ ಶುರುವಾಯಿತು. ನಮ್ಮ ಮಲೇಬೆನ್ನೂರು ಕಡೆಯ ಗದ್ದೆಗಳಲ್ಲೂ ಜಿಗಿಹುಳದ ಕಥೆ ಬೇರೆ ಇಲ್ಲ ಬಿಡಿ.

ನಾನು ಕೂತ ಒಂದು ಪಾಠಶಾಲೆಯ ಬೆಳಗು ಹೇಳುತ್ತೇನೆ. ಬೇವಿನ ಮರದ ಕೆಳಗೆ ಇಪ್ಪತ್ತು ಇಪ್ಪತ್ತೆರಡು ಜನ. ಏಳು ಗಂಟೆ, ಎಲೆಯ ಮೇಲೆ ಇಬ್ಬನಿ ಇನ್ನೂ ಆರಿಲ್ಲ. ಐದೈದು ಜನರ ಗುಂಪು ಹೊಲದೊಳಗೆ ಹೋಗಿ ಐದು ಕಡೆ ಇಪ್ಪತ್ತಿಪ್ಪತ್ತು ಗಿಡ ನೋಡಬೇಕು, ಒಟ್ಟು ನೂರು. ಸುಳಿ ಬಿಡಿಸಿ ನೋಡು, ಒದ್ದೆ ಮರದ ಪುಡಿಯ ಹಾಗೆ ಹಿಕ್ಕೆ ಇದೆಯೇ? ಹುಳ ಸಿಕ್ಕರೆ ತಲೆ ನೋಡು, ತಲೆಕೆಳಗಾದ ಇಂಗ್ಲಿಷ್ Y ಅಕ್ಷರದಂಥ ಗುರುತು. ಬಾಲದ ಹತ್ತಿರ ಚೌಕಾಕಾರಕ್ಕೆ ನಾಲ್ಕು ಕಪ್ಪು ಚುಕ್ಕಿ. ಇದ್ದರೆ ಅದೇ. ಬಂದು ಕೂತು ದೊಡ್ಡ ಹಾಳೆಯ ಮೇಲೆ ಗಿಡ ಬರೆಯಬೇಕು. ಎಷ್ಟು ಎಲೆ, ಎಷ್ಟು ಹುಳ, ಎಷ್ಟು ಜೇಡ, ಮಣ್ಣಲ್ಲಿ ಹದ ಇದೆಯೋ ಇಲ್ಲವೋ, ಎಲ್ಲ ಬರೆದು ಕೊನೆಗೆ "ಈ ವಾರ ಏನು ಮಾಡೋಣ" ಅಂತ ಅವರೇ ತೀರ್ಮಾನಿಸಬೇಕು. ಹೇಳಿಕೊಡುವವನು ಬಾಯಿ ಮುಚ್ಚಿಕೊಂಡಿರಬೇಕು. ನಮ್ಮ ಜನಕ್ಕೆ ಅದೇ ಕಷ್ಟದ ಕೆಲಸ, ನನಗಂತೂ ಬಲು ಕಷ್ಟ.

ಆ ದಿನ ಒಬ್ಬ ಹುಡುಗ ಎಲೆಯ ಸಮೇತ ಮೊಟ್ಟೆಗುಂಪು ತಂದಿದ್ದ, ಮೇಲೆ ಬೂದು ಬಣ್ಣದ ನವಿರು ರೋಮ ಹೊದಿಸಿದ್ದು. "ಇವತ್ತೇ ಹೊಡೀಬೇಕು, ಇದು ಒಡೆದರೆ ನೂರಾರು ಹುಳ" ಅಂತ ಅವನ ವಾದ. ಒಬ್ಬಾಕೆ ಅದನ್ನು ಗಾಜಿನ ಬಾಟಲಿಗೆ ಹಾಕಿ ಬಾಯಿಗೆ ತೆಳು ಬಟ್ಟೆ ಕಟ್ಟಿ ಮನೆಗೆ ಒಯ್ದಳು. ಮುಂದಿನ ವಾರ ಬಾಟಲಿ ತಂದಾಗ ಅದರಲ್ಲಿ ಹುಳಗಳಿಗಿಂತ ಹೆಚ್ಚಾಗಿ ಇದ್ದದ್ದು ಸಾಸಿವೆಗಿಂತ ಸಣ್ಣ ಕರಿ ನೊಣದಂಥವು. ಮೊಟ್ಟೆಯೊಳಗೇ ಮೊಟ್ಟೆಯಿಟ್ಟು ಬೆಳೆಯುವ ಪರತಂತ್ರ ಜೀವಿಗಳು. ಬಾಟಲಿ ಕೈಯಿಂದ ಕೈಗೆ ಹೋಯಿತು. ಯಾರೂ ಭಾಷಣ ಮಾಡಲಿಲ್ಲ. ಹಿಂದಿನ ವಾರ ಹೊಡೀಬೇಕು ಅಂದವನೇ, "ಹೊಡೆದಿದ್ದರೆ ಇವೂ ಹೋಗ್ತಿದ್ವು" ಅಂದ.

ಅವರು ಹಾಕಿಕೊಂಡ ಲೆಕ್ಕ ಇಷ್ಟು. ಎಳೆ ಪೈರಿನಲ್ಲಿ ಹುಳ ಬಿದ್ದ ಗಿಡ ನೂರಕ್ಕೆ ಐದು ದಾಟದಿದ್ದರೆ ಕಾಯುವುದು, ಕೈಗೆ ಸಿಕ್ಕ ಮೊಟ್ಟೆಗುಂಪು ಹಿಸುಕುವುದು. ಐದು ದಾಟಿದರೆ ಬೇವಿನ ಬೀಜದ ಕಷಾಯ. ಸುಳಿ ಬಲಿತ ಮೇಲೆ ನೂರಕ್ಕೆ ಹತ್ತು ದಾಟಿದರೆ ಔಷಧಿ: ಎಮಾಮೆಕ್ಟಿನ್ ಬೆಂಜೊಯೇಟ್ ಲೀಟರ್‌ಗೆ 0.4 ಗ್ರಾಂ, ಸಂಜೆ ಹೊತ್ತು, ನಾಜಲ್ ಸುಳಿಯೊಳಕ್ಕೆ ತೋರಿಸಿ. ಹುಳ ದೊಡ್ಡದಾಗಿ ಸುಳಿಯ ಆಳಕ್ಕೆ ಇಳಿದಿದ್ದರೆ ಸಿಂಪಡಣೆ ತಲುಪುವುದೇ ಇಲ್ಲ, ಆಗ ವಿಷ ಪಾಷಾಣ, ಅಂದರೆ ವಿಷ ಬೆರೆಸಿದ ತಿನಿಸು. ಎಕರೆಗೆ 10 ಕೆಜಿ ಅಕ್ಕಿ ತೌಡು, 2 ಕೆಜಿ ಬೆಲ್ಲ ಎರಡು ಮೂರು ಲೀಟರ್ ನೀರಲ್ಲಿ ಕಲಸಿ ಒಂದು ದಿನ ಹುಳಿಯಲು ಬಿಟ್ಟು, ಹಾಕುವ ಅರ್ಧ ಗಂಟೆ ಮುಂಚೆ 100 ಗ್ರಾಂ ಥಯೋಡಿಕಾರ್ಬ್ ಬೆರೆಸಿ, ಕೈಗವಸು ಹಾಕಿಕೊಂಡು ಸುಳಿಗೆ ಚಿಟಿಕೆಯಷ್ಟು ಉದುರಿಸುವುದು. ದನ, ಕುರಿ ಆ ಹೊಲದ ಕಡೆ ಹೋಗಬಾರದು. ಹೀಗೆ ಎಣಿಸಿ ಹೊಡೆದವರ ಸಿಂಪಡಣೆ ಆ ಊರಲ್ಲಿ ಒಂದು, ಬಹಳ ಎಂದರೆ ಎರಡಕ್ಕೆ ಇಳಿಯಿತು. ಒಂದು ಸಿಂಪಡಣೆಗೆ ಔಷಧಿ, ಕೂಲಿ ಸೇರಿ ನಿಮಗೆ ಎಷ್ಟು ಬೀಳುತ್ತದೆ ಅಂತ ನೀವೇ ಬಲ್ಲಿರಿ.

ಹಲವು ದೇಶಗಳ ಇಂಥ ಪಾಠಶಾಲೆಗಳ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ 2014ರಲ್ಲಿ ಒಂದು ಪರಿಶೀಲನೆ ಪ್ರಕಟವಾಯಿತು. ಕಲಿತವರ ಹೊಲದಲ್ಲಿ ಕೀಟನಾಶಕ ಕಡಿಮೆಯಾಗಿತ್ತು, ಇಳುವರಿಯೂ ಲಾಭವೂ ಏರಿತ್ತು. ಆದರೆ ಪಕ್ಕದ ಹೊಲದವನಿಗೆ ಆ ವಿದ್ಯೆ ದಾಟಿರಲಿಲ್ಲ. ಇದು ನನಗೆ ಆಶ್ಚರ್ಯ ಅನ್ನಿಸಲಿಲ್ಲ. ಹೊಸ ಬೀಜದ ಹೆಸರು ಒಂದೇ ದಿನದಲ್ಲಿ ಊರೆಲ್ಲ ಹಬ್ಬುತ್ತದೆ, ಎಣಿಸಿ ನೋಡುವ ಅಭ್ಯಾಸ ಹಾಗೆ ಹಬ್ಬುವುದಿಲ್ಲ. ಆದ್ದರಿಂದ "ಪಕ್ಕದ ಮನೆಯವ ಹೋಗಿ ಬಂದಿದ್ದಾನೆ, ಅವನನ್ನು ಕೇಳಿದರಾಯಿತು" ಅಂದುಕೊಳ್ಳಬೇಡಿ. ಮಗನನ್ನು ಕಳಿಸಿ.

ಅರ್ಧ ಕಲಿತರೆ ಕೈ ಸುಡುವುದೂ ಉಂಟು. ಮೆಕ್ಕೆಜೋಳದಲ್ಲಿ ಆರು ಸಾಲಿಗೊಂದು ಸಾಲು ತೊಗರಿ ಅಕ್ಕಡಿ ಹಾಕಿ ಅಂತ ನಾವೆಲ್ಲ ಹೇಳುತ್ತೇವೆ, ಅದು ಒಳ್ಳೆಯದೇ. ಮೆಕ್ಕೆಜೋಳ ಮುರಿದ ಮೇಲೂ ತೊಗರಿ ನಿಂತಿರುತ್ತದೆ, ಮಳೆ ಮುಂದೆ ಹಿಂದೆ ಆದರೂ ಒಂದಲ್ಲ ಒಂದು ಕೈ ಹಿಡಿಯುತ್ತದೆ. ಒಬ್ಬರು ಈ ಪಾಠ ಕೇಳಿ ಅಕ್ಕಡಿ ಹಾಕಿದರು, ಬಿತ್ತಿದ ಮಾರನೆಯ ದಿನ ಎಂದಿನಂತೆ ಅಟ್ರಜಿನ್ ಕಳೆನಾಶಕ ಹೊಡೆದರು. ಮೆಕ್ಕೆಜೋಳಕ್ಕೆ ಅಟ್ರಜಿನ್ ಏನೂ ಮಾಡುವುದಿಲ್ಲ, ತೊಗರಿಗೆ ಅದು ವಿಷ. ಸಾಲುಗಳು ಖಾಲಿ ಬಂದವು. ಅಕ್ಕಡಿಯ ಪಾಠ ಹೇಳಿದವರು ಕಳೆನಾಶಕದ ಪಾಠ ಹೇಳಿರಲಿಲ್ಲ. ಅಕ್ಕಡಿ ಹಾಕುವುದಾದರೆ ಪೆಂಡಿಮೆಥಾಲಿನ್ ಎರಡಕ್ಕೂ ಆಗುತ್ತದೆ. ಡಬ್ಬಿಯ ಮೇಲಿನ ಪ್ರಮಾಣ ನೋಡಿ, ಬಿತ್ತಿದ ಎರಡು ಮೂರು ದಿನದೊಳಗೆ ಹದ ಇರುವಾಗ ಹೊಡೆಯಿರಿ. ಇಲ್ಲವೇ ಎಡೆಕುಂಟೆ ಹೊಡೆಯಿರಿ, ಅದಕ್ಕೆ ಯಾವ ಬೆಳೆಯ ಮೇಲೂ ದ್ವೇಷವಿಲ್ಲ.

ಮಾರಾಟದ ಪಾಠವನ್ನು ನಮ್ಮ ತರಬೇತಿಗಳು ಕೊನೆಯ ಹದಿನೈದು ನಿಮಿಷಕ್ಕೆ ತಳ್ಳುತ್ತವೆ, ಊಟದ ವಾಸನೆ ಬರುವ ಹೊತ್ತಿಗೆ. "ಒಣಗಿಸಿ ಮಾರಿ" ಅಂದು ಮುಗಿಸುತ್ತಾರೆ. ಒಣಗಿಸುವುದು ಯಾವಾಗಲೂ ಲಾಭವೆ? ಲೆಕ್ಕ ನೋಡಿ. ಶೇ 20 ತೇವ ಇರುವ 100 ಕೆಜಿ ಕಾಳಿನಲ್ಲಿ ಒಣ ಅಂಶ 80 ಕೆಜಿ. ಅದನ್ನು ಶೇ 14ಕ್ಕೆ ತಂದರೆ ತೂಕ 93 ಕೆಜಿಗೆ ಇಳಿಯುತ್ತದೆ. ದಾವಣಗೆರೆ ಎಪಿಎಂಸಿಯಲ್ಲಿ ಹಸಿ ಮಾಲಿಗೆ 1,900, ಒಣ ಮಾಲಿಗೆ 2,100 ನಡೆಯುತ್ತಿದೆ ಅಂದುಕೊಳ್ಳಿ. ಹಸಿಯಾಗಿಯೇ ಕೊಟ್ಟರೆ 1,900. ಒಣಗಿಸಿ 93 ಕೆಜಿ ಕೊಟ್ಟರೆ 1,953. ಐವತ್ತಮೂರು ರೂಪಾಯಿಗೆ ಎರಡು ಮೂರು ದಿನ ಹರವಬೇಕು, ತಿರುವಬೇಕು, ಮೋಡ ಕಂಡರೆ ಟಾರ್ಪಾಲು ಎಳೆಯಬೇಕು. ದರದ ಅಂತರ 150ಕ್ಕೆ ಇಳಿದರೆ ಉಳಿಯುವುದು ಏಳು ರೂಪಾಯಿಯೂ ಇಲ್ಲ. ಅಂತರ 300 ಇದ್ದ ದಿನ ಒಣಗಿಸುವುದಕ್ಕೆ ಅರ್ಥ ಇದೆ. ತಿಂಗಳುಗಟ್ಟಲೆ ಇಡುವವರಿಗಂತೂ ಒಣಗಿಸದೆ ವಿಧಿಯಿಲ್ಲ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಕೂಡಲೇ ಮಾರುವವರು ಶೇ 14ಕ್ಕಿಂತ ಕೆಳಗೆ ಒಣಗಿಸಿದರೆ ನಿಮ್ಮ ತೂಕವನ್ನು ಗಾಳಿಗೆ ದಾನ ಮಾಡಿದ ಹಾಗೆ. ನಾನು ಮಾತಾಡಿಸಿದ ರೈತರಲ್ಲಿ ತೇವ ಅಳೆಯುವ ಯಂತ್ರ ದಲ್ಲಾಳಿ ಅಂಗಡಿಯಲ್ಲಿ ಮಾತ್ರ ಕಂಡವರೇ ಹೆಚ್ಚು. ಹತ್ತು ಮನೆಯವರು ಕೂಡಿ ಒಂದು ಕೊಂಡರೆ ಮಾತುಕತೆಯ ದನಿಯೇ ಬದಲಾಗುತ್ತದೆ.

ತರಬೇತಿಯಿಂದ ಆಗದ್ದನ್ನೂ ಹೇಳಬೇಕು. ದರ ಅದರ ಕೈಯಲ್ಲಿಲ್ಲ. 2025ರ ಸುಗ್ಗಿಯಲ್ಲಿ ಮೆಕ್ಕೆಜೋಳದ ಬೆಂಬಲ ಬೆಲೆ 2,400 ಇತ್ತು, ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗೆ ಓಡಿತು. ಆಗ ಎಂಥ ಬುದ್ಧಿವಂತ ರೈತನೂ ಅಸಲು ಕಡಿಮೆ ಇಟ್ಟುಕೊಂಡು ಬದುಕಬಹುದಿತ್ತೇ ಹೊರತು ದರ ಏರಿಸಲು ಆಗುತ್ತಿರಲಿಲ್ಲ. ಗುತ್ತಿಗೆ ಹೊಲ ಮಾಡುವವರ ಕಷ್ಟ ಇನ್ನೊಂದು. ಪಹಣಿ ಅವರ ಹೆಸರಲ್ಲಿಲ್ಲ, ರೈತರ ಗುರುತಿನ ಸಂಖ್ಯೆಯಾದ ಎಫ್‌ಐಡಿ ಇಲ್ಲ, ಕಲಿತದ್ದನ್ನು ಮಾಡಲು ಬೇಕಾದ ಸಬ್ಸಿಡಿ ಬೀಜವೂ ಸಿಗದು. ಮಳೆಯಂತೂ ಯಾರ ಮಾತೂ ಕೇಳುವುದಿಲ್ಲ. ನಿಮ್ಮ ತಾಲ್ಲೂಕು 1997ರಲ್ಲಿ ಚಿತ್ರದುರ್ಗ ಬಿಟ್ಟು ದಾವಣಗೆರೆ ಜಿಲ್ಲೆಗೆ ಸೇರಿತು, ಮಳೆ ಮಾತ್ರ ಇನ್ನೂ ದುರ್ಗದ ಲೆಕ್ಕದಲ್ಲೇ ಬೀಳುತ್ತಿದೆ.

ಅದಕ್ಕೇ ನಿಮ್ಮ ಮಸಾರಿ ಅರ್ಧದ ಬಗ್ಗೆ ನನ್ನದೊಂದು ಮಾತು, ನೀವು ಕೇಳದಿದ್ದರೂ. ಅಲ್ಲಿ ಒಂದೂವರೆ ಎಕರೆಯನ್ನಾದರೂ ರಾಗಿಗೆ ತಿರುಗಿಸಿ. ರಾಗಿಯನ್ನು ಪಡಿತರಕ್ಕಾಗಿ ಸರ್ಕಾರ ಬೆಂಬಲ ಬೆಲೆಗೆ ಕೊಳ್ಳುತ್ತದೆ, 2025-26ಕ್ಕೆ ಕ್ವಿಂಟಲ್‌ಗೆ 4,886. ಎಫ್‌ಐಡಿ ಸರಿ ಇರಬೇಕು, ಬೆಳೆ ಸಮೀಕ್ಷೆಯಲ್ಲಿ ರಾಗಿ ಅಂತಲೇ ದಾಖಲಾಗಿರಬೇಕು. ಅಲ್ಲಿ "ಮೆಕ್ಕೆಜೋಳ" ಅಂತ ಬಿದ್ದಿದ್ದರೆ ಖರೀದಿ ಕೇಂದ್ರದಿಂದ ವಾಪಸ್ ಕಳಿಸುತ್ತಾರೆ. ಬೆಳೆಯುವ ರೀತಿ ಕಲಿಯಬೇಕೆಂದರೆ ಹಾವೇರಿ ಕಡೆಯ ಗುಳಿ ರಾಗಿ ನೋಡಿ ಬನ್ನಿ. ಚೌಕ ಗುಳಿಗೆ ಗೊಬ್ಬರ ಹಾಕಿ ಸಸಿ ನೆಟ್ಟು, ಎಳೆಯದರಲ್ಲಿ ಕೊರಡು ಎಳೆದು ತುಳಿಸಿ ತೆಂಡೆ (ಬುಡದ ಕವಲು) ಒಡೆಸುವ ವಿದ್ಯೆ ಅದು. ರೈತರದೇ ವಿದ್ಯೆ. ವಿಜ್ಞಾನಿಗಳು ಅವರಿಂದ ಕಲಿತದ್ದು.

ಹೋಗುವುದು ಎಲ್ಲಿಗೆ? ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ, ಕಾಡಜ್ಜಿಯಲ್ಲಿ ಕೃಷಿ ಇಲಾಖೆಯ ತರಬೇತಿ ಕೇಂದ್ರ ಇದೆ. ದುರ್ಗದ ಕಡೆಯವರಿಗೆ ಹಿರಿಯೂರಿನ ಬಬ್ಬೂರು ಫಾರಂ. ಮಗನಿಗೆ ವಾರದ ತರಬೇತಿ ಸಾಲದು, ಕಾಲೇಜೇ ಬೇಕು ಅಂದರೆ ಎರಡು ವರ್ಷದ ಕೃಷಿ ಡಿಪ್ಲೊಮಾ ಈಗ ಇದೆಯೇ ಅಂತ ಕತ್ತಲಗೆರೆಯಲ್ಲಿ ವಿಚಾರಿಸಲಿ. ಹೋಗುವ ಮುಂಚೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಲಿ. ತರಬೇತಿ ಒಂದೇ ದಿನದ್ದೋ, ಬಿತ್ತನೆಯಿಂದ ಕೊಯ್ಲಿನವರೆಗೆ ನಾಲ್ಕಾರು ಸಲ ಕರೆಯುತ್ತಾರೋ? ಹೊಲಕ್ಕೆ ಕರೆದೊಯ್ಯುತ್ತಾರೋ? ನಮ್ಮ ಹೊಲದಲ್ಲಿ ಪ್ರಾತ್ಯಕ್ಷಿಕೆ ಹಾಕಲು ಬರುತ್ತೀರಾ? ಮೂರಕ್ಕೂ "ಇಲ್ಲ" ಅಂದರೆ ನಿಮ್ಮ ಟೀ ಬಿಸ್ಕತ್ತಿನ ಮಾತೇ ನಿಜ, ಆ ದಿನ ಎಡೆ ಹೊಡೆಯಲಿ. ಪ್ರಾತ್ಯಕ್ಷಿಕೆ ಕೊಟ್ಟರೆ ಒಂದೇ ಎಕರೆಗೆ ಒಪ್ಪಿ, ಪಕ್ಕದ ಎಕರೆಯಲ್ಲಿ ನಿಮ್ಮ ಹಳೆಯ ಪದ್ಧತಿಯನ್ನೇ ಮುಂದುವರಿಸಿ. ಎರಡನ್ನೂ ಬೇರೆ ಬೇರೆ ತೂಗಿ. ಕಣ್ಣಂದಾಜು ಬೇಡ.

ಮಗನ ಜತೆ ಮನೆಯಾಕೆಯೂ ಹೋಗಲಿ. ಬೀಜ ಉಪಚರಿಸುವುದು, ಕಳೆ ತೆಗೆಯುವುದು, ಕಾಳು ಹರವುವುದು ಬಹುಪಾಲು ಹೆಣ್ಣುಮಕ್ಕಳು, ತರಬೇತಿ ಪುಸ್ತಕದಲ್ಲಿ ಸಹಿ ಮಾಡುವುದು ಗಂಡಸರು. ಹನ್ನೊಂದು ಗಂಟೆಗೆ ಸಭೆ ಕರೆದರೆ ಅವರು ಕೂಲಿ ಬಿಟ್ಟು ಹೇಗೆ ಬಂದಾರು? ಬಾಟಲಿಗೆ ಬಟ್ಟೆ ಕಟ್ಟಿದಾಕೆ ಬಂದದ್ದು ಪಾಠಶಾಲೆ ಬೆಳಿಗ್ಗೆ ಏಳಕ್ಕೆ ಇದ್ದದ್ದರಿಂದ.

ಅಂಗಡಿಯವರ ಬಗ್ಗೆಯೂ ಒಂದು ಮಾತು. 2013ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 70ನೇ ಸುತ್ತಿನಲ್ಲಿ ದೇಶದ ಕೃಷಿ ಕುಟುಂಬಗಳ ಪೈಕಿ ಸುಮಾರು ಶೇ 59ಕ್ಕೆ ಯಾರಿಂದಲೂ ತಾಂತ್ರಿಕ ಸಲಹೆ ಸಿಕ್ಕಿರಲಿಲ್ಲ. ಸಿಗದವನು ಗೊಬ್ಬರದಂಗಡಿಯವನನ್ನೇ ಕೇಳುತ್ತಾನೆ, ಅವನು ಎದುರಿಗೆ ಇರುವುದನ್ನು ಕೊಡುತ್ತಾನೆ. ಇದನ್ನು ಕಂಡೇ ಕೃಷಿ ವಿಸ್ತರಣೆಯ ರಾಷ್ಟ್ರೀಯ ಸಂಸ್ಥೆಯಾದ ಹೈದರಾಬಾದಿನ ಮ್ಯಾನೇಜ್ ಅಂಗಡಿಯವರಿಗಾಗಿ ದೇಸಿ ಅನ್ನುವ ಒಂದು ವರ್ಷದ ಡಿಪ್ಲೊಮಾ ಶುರು ಮಾಡಿತು, ವಾರಕ್ಕೊಂದು ದಿನದ ತರಗತಿ. ನಿಮ್ಮ ಅಂಗಡಿಯ ಗೋಡೆಯ ಮೇಲೆ ಆ ಸರ್ಟಿಫಿಕೇಟ್ ಇದೆಯೇ ನೋಡಿ. ಇದ್ದರೂ ಇಲ್ಲದಿದ್ದರೂ ಕೊಂಡದ್ದಕ್ಕೆ ಬಿಲ್ ಪಡೆಯುವುದನ್ನು ಬಿಡಬೇಡಿ. ಅಂಗಡಿ ಮುಚ್ಚಿದ ಹೊತ್ತಲ್ಲಿ ಅನುಮಾನ ಬಂದರೆ ಕಿಸಾನ್ ಕಾಲ್ ಸೆಂಟರ್ 1800-180-1551, ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ, ಕನ್ನಡದಲ್ಲೇ ಮಾತಾಡುತ್ತಾರೆ.

ತರಬೇತಿಗೆ ಬರಿಗೈಯಲ್ಲಿ ಹೋಗಬಾರದು, ನಿಮ್ಮ ಹೊಲದ ಮಣ್ಣು ಪರೀಕ್ಷೆಯ ಚೀಟಿ ಜತೆಗಿರಲಿ. ಬೇಸಿಗೆಯಲ್ಲೇ, ಗೊಬ್ಬರ ಹಾಕುವ ಮುಂಚೆ ಪರೀಕ್ಷೆಗೆ ಮಣ್ಣು ತೆಗೆಯಿರಿ. ಮಸಾರಿಗೆ ಒಂದು ಮಾದರಿ, ಎರೆಗೆ ಒಂದು, ಕೂಡಿಸಬೇಡಿ. ಬದು, ತಿಪ್ಪೆ ಇದ್ದ ಜಾಗ, ಮರದ ನೆರಳು ಬಿಟ್ಟು ಎಂಟು ಹತ್ತು ಕಡೆ ಅರ್ಧ ಅಡಿ ಆಳ ಗುಂಡಿ ತೋಡಿ, ಮೇಲಿಂದ ಕೆಳಗಿನತನಕ ಗೋಡೆಯನ್ನು ಒಂದಿಂಚು ದಪ್ಪಕ್ಕೆ ಕೆತ್ತಿ. ಎಲ್ಲ ಮಣ್ಣು ಗೋಣಿಯ ಮೇಲೆ ಸುರಿದು ಕಲಸಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಚೆಲ್ಲಿ. ಅರ್ಧ ಕೆಜಿ ಉಳಿಯುವತನಕ ಹೀಗೇ ಮಾಡಿ. ಗೊಬ್ಬರ ತುಂಬಿದ್ದ ಚೀಲ ಬಳಸಬೇಡಿ. ನೆರಳಲ್ಲಿ ಆರಿಸಿ, ಶುಚಿಯಾದ ಬಟ್ಟೆ ಚೀಲಕ್ಕೆ ಹಾಕಿ, ಹೆಸರು, ಸರ್ವೆ ನಂಬರ್, ಹಿಂದಿನ ಬೆಳೆ ಬರೆದ ಚೀಟಿ ಒಳಗೊಂದು ಹೊರಗೊಂದು ಇಡಿ. ಒಳಗಿನದನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಮಣ್ಣಿನ ತೇವಕ್ಕೆ ಪೆನ್ನಿನ ಶಾಯಿ ಹರಡುತ್ತದೆ.